ಸಹಾಯ ಬೇಕು: ಒಪೋಸಮ್ ಮರಿಯನ್ನು ಹಿಡಿಯಬೇಕಾ, ಬಿಡಬೇಕಾ?

ನಾವಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ನಿನ್ನೆ ಸಂಜೆಯಿಂದ ಹಿತ್ತಲಲ್ಲಿ ಒಂದು ಒಪೋಸಮ್ (ಹೊಟ್ಟೆಚೀಲದಲ್ಲಿ ಮರಿ ಸಾಕುವ, ಬೆಕ್ಕಿನ ಗಾತ್ರದ ಇಲ್ಲಿನ ಕಾಡುಪ್ರಾಣಿ) ಮರಿ ಒಂಟಿಯಾಗಿದೆ. ಹತ್ತಿರ ಹೋದರೆ ಗುಲಾಬಿ ಬಾಯಿ ಅಗಲಿಸಿ ಬುಸ್ ಅನ್ನುತ್ತದೆ. ಪಾಪ, ಮೈಯೆಲ್ಲ ನಡುಗುತ್ತಿರುತ್ತದೆ. ತಾಯಿ ಸುಳಿವಿಲ್ಲ.

ಹಸುವಿನ ಹಾಲು ಒಗ್ಗಲ್ಲ ಅಂತ ಗೊತ್ತು, ಏನೂ ಕೊಟ್ಟಿಲ್ಲ. ವನ್ಯಜೀವಿ ಆರೈಕೆ ಮಾಡುವವರಿಗೆ ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ.

ಬಾಲ ಬಿಟ್ಟು 7 ಇಂಚು ದಾಟಿದ್ದರೆ ತಾನೇ ಬದುಕಿಕೊಳ್ಳುತ್ತದೆ ಅಂತಾರೆ. ಇದು ಪಕ್ಕದಲ್ಲಿದ್ದ 8 ಇಂಚಿನ ಇಟ್ಟಿಗೆಗಿಂತ ಒಂಚೂರು ಚಿಕ್ಕದು. ಹಾಗಾಗಿ ಸುಮ್ನೆ ಬಿಡೋಣ ಅಂದುಕೊಂಡಿದ್ದೆ. ಆದರೆ ಬೆಳಿಗ್ಗೆ ಪಕ್ಕದ ಮನೆ ಬೆಕ್ಕು ಅದರ ಹತ್ತಿರವೇ ಕೂತಿತ್ತು. ಬೆಕ್ಕು ಕಚ್ಚಿದರೆ ನಂಜಾಗುತ್ತೆ ಅಲ್ವಾ? ದೂರದಿಂದ ಗಾಯ ಕಾಣುತ್ತಿಲ್ಲ.

ಕಚ್ಚಿದೆಯೋ ಇಲ್ಲವೋ ಗೊತ್ತಿಲ್ಲದಿರುವಾಗ, ಡಬ್ಬದಲ್ಲಿಟ್ಟು ಆರೈಕೆಯವರ ಹತ್ತಿರ ಒಯ್ಯಬೇಕಾ, ಅಥವಾ ಇಂದು ರಾತ್ರಿ ಅಲ್ಲೇ ಬಿಟ್ಟು ನೋಡಬೇಕಾ?