ರ‍್ಯಾಪ್ ಮಾರುಕಟ್ಟೆ ಮತ್ತು ಅಮೆರಿಕದ ಕಪ್ಪು ಸಮುದಾಯದ ಚಿತ್ರ: ಹೊಣೆ ಯಾರದು?

ಶ್ರೀಕಂಠ:
ಅಮೆರಿಕದ ಕಪ್ಪು ಜನರನ್ನು ಎಂದೂ ಕಣ್ಣಾರೆ ಕಾಣದವರ ಮನಸ್ಸಿನಲ್ಲಿಯೂ ಅವರ ಬಗ್ಗೆ ಒಂದು ಚಿತ್ರವಿದೆ: ಬಂದೂಕು, ಮಾದಕವಸ್ತು, ಚಿನ್ನದ ಸರ, ಅರೆಬಟ್ಟೆಯ ಹೆಣ್ಣು. ಈ ಚಿತ್ರವನ್ನು ಲೋಕದ ಮೂಲೆಮೂಲೆಗೆ ಮುಟ್ಟಿಸಿದ್ದು ತಾಳಕ್ಕೆ ಪ್ರಾಸದ ಮಾತು ಪೋಣಿಸಿ ಹಾಡುವ ವಾಣಿಜ್ಯ ರ‍್ಯಾಪ್ ಎಂಬುದು ನನ್ನ ವಾದ. ಇದು ಬಿಳಿಯರ ದೂರು ಎಂದು ತಳ್ಳಿಹಾಕುವಂತಿಲ್ಲ. 1993ರಲ್ಲಿ ಹಾರ್ಲೆಮ್‌ನ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಕಪ್ಪು ಪಾದ್ರಿ ಕ್ಯಾಲ್ವಿನ್ ಬಟ್ಸ್ ಬೀದಿಗೆ ರೋಡ್ ರೋಲರ್ ತರಿಸಿ, ಇಂಥ ಹಾಡುಗಳ ಕ್ಯಾಸೆಟ್ಟು, ಸಿ.ಡಿ.ಗಳನ್ನು ಅದರಡಿಗೆ ಹಾಕಲು ಹೊರಟರು. ವಿರೋಧಿಗಳು ಅಡ್ಡ ನಿಂತಾಗ ಅವನ್ನೆಲ್ಲ ಸೋನಿ ಕಂಪನಿಯ ಕಚೇರಿಯ ಮುಂದೆ ಸುರಿದು ಬಂದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆ ಮೆರವಣಿಗೆಯಲ್ಲಿ ನಡೆದಿದ್ದ ಕಪ್ಪು ಹೋರಾಟಗಾರ್ತಿ ಸಿ. ಡೆಲೋರೆಸ್ ಟಕರ್ 1995ರಲ್ಲಿ ಟೈಮ್ ವಾರ್ನರ್ ಕಂಪನಿಯ ಷೇರುದಾರರ ಸಭೆಯಲ್ಲೇ ಎದ್ದು ನಿಂತು ಪ್ರಶ್ನಿಸಿದರು, ಮತ್ತು ಅದೇ ವರ್ಷ ಆ ಕಂಪನಿ ಇಂಥ ಹಾಡುಗಳನ್ನು ಹೊರತರುತ್ತಿದ್ದ ಇಂಟರ್‌ಸ್ಕೋಪ್ ಸಂಸ್ಥೆಯಲ್ಲಿದ್ದ ತನ್ನ ಪಾಲನ್ನು ಮಾರಿ ಕೈತೊಳೆದುಕೊಂಡಿತು. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2007ರ ಸಮೀಕ್ಷೆಯಲ್ಲಿ ಕಪ್ಪು ಜನರಲ್ಲೇ ಹತ್ತರಲ್ಲಿ ಏಳು ಮಂದಿ ರ‍್ಯಾಪ್ ಸಮಾಜದ ಮೇಲೆ ಕೆಟ್ಟ ಪ್ರಭಾವ ಬೀರುತ್ತಿದೆ ಎಂದಿದ್ದರು.

ವೈಶಾಲಿ, ಅಟ್ಲಾಂಟಾ:
ಚಿತ್ರವನ್ನು ಮುಟ್ಟಿಸಿದ್ದು ರ‍್ಯಾಪ್ ಎನ್ನುತ್ತೀರಿ ಶ್ರೀಕಂಠ ಅವರೇ, ಆದರೆ ಅದನ್ನು ಬರೆದದ್ದು ಯಾರು? 1830ರ ದಶಕದಲ್ಲೇ ಬಿಳಿಯ ನಟರು ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಕಪ್ಪು ಜನರೆಂದರೆ ಸೋಮಾರಿಗಳು, ಕಳ್ಳರು, ಪೆದ್ದರು ಎಂದು ಆಡಿ ತೋರಿಸುತ್ತಿದ್ದರು. ಅಂಥ ಒಬ್ಬ ನಟ ಕಟ್ಟಿದ 'ಜಿಮ್ ಕ್ರೋ' ಎಂಬ ಪಾತ್ರದ ಹೆಸರೇ ಮುಂದೆ ವರ್ಣಭೇದದ ಕಾನೂನುಗಳಿಗೆ ಅಂಟಿಕೊಂಡಿತು. ಬ್ರಾಂಕ್ಸ್‌ನ ಒಂದು ವಸತಿ ಕಟ್ಟಡದಲ್ಲಿ ಕೂಲ್ ಹರ್ಕ್ ಎಂಬ ಯುವಕ ತಂಗಿಗಾಗಿ ಗ್ರಾಮಫೋನು ತಟ್ಟೆ ತಿರುಗಿಸಿ, ರ‍್ಯಾಪ್‌ನ ತವರಾದ ಹಿಪ್‌ಹಾಪ್‌ಗೆ ನಾಂದಿ ಹಾಡಿದ್ದು ಅದಾಗಿ ಎಷ್ಟೋ ಕಾಲದ ಮೇಲೆ, 1973ರ ಆಗಸ್ಟ್ 11ರಂದು. ಇನ್ನು ಹಿಂಸೆಯ ಮಾತು: ಅಮೆರಿಕದಲ್ಲಿ ಕೊಲೆಗಳ ಪ್ರಮಾಣ 1991ರಲ್ಲಿ ಲಕ್ಷ ಜನರಿಗೆ 9.8 ಇದ್ದದ್ದು 2000ದ ಹೊತ್ತಿಗೆ 5.5ಕ್ಕೆ ಇಳಿಯಿತು, ಗ್ಯಾಂಗುಗಳ ಬದುಕನ್ನು ಹಾಡುವ ಗ್ಯಾಂಗ್‌ಸ್ಟಾ ರ‍್ಯಾಪ್ ಕೋಟ್ಯಂತರ ಡಾಲರ್ ಗಳಿಸಿದ್ದೂ ಅದೇ ಅವಧಿಯಲ್ಲಿ. ಜೊತೆಗೆ ಆ ಹಾಡುಗಳನ್ನು ಕೊಂಡವರಲ್ಲಿ ಶೇಕಡ 70ರಷ್ಟು ಮಂದಿ ಬಿಳಿಯರು. ಗಿರಾಕಿ ಕೇಳಿದ್ದನ್ನು ಅಂಗಡಿ ಮಾರಿದೆ, ಅಷ್ಟೆ.

ಹರೀಶ್ ಎನ್.:
ಶೇಕಡ 70 ಎಂಬ ಅಂಕಿ ಎಲ್ಲಿಂದ ಬಂತು ಎಂದು ದಯವಿಟ್ಟು ತಿಳಿಸಿ. ಈ ವಿಷಯದ ಎಲ್ಲ ಚರ್ಚೆಗಳಲ್ಲೂ ಅದು ಅನಾಥವಾಗಿ ತಿರುಗಾಡುತ್ತಿರುವುದನ್ನು ಕಂಡಿದ್ದೇನೆ.

ವೈಶಾಲಿ, ಅಟ್ಲಾಂಟಾ:
ಸೌಂಡ್‌ಸ್ಕ್ಯಾನ್. ಅಂಗಡಿಯ ಗಲ್ಲಾಗಳಿಂದಲೇ ಮಾರಾಟದ ಲೆಕ್ಕ ತೆಗೆಯುವ ವ್ಯವಸ್ಥೆ ಅದು. 1991ರ ಮೇ ತಿಂಗಳಲ್ಲಿ ಬಿಲ್‌ಬೋರ್ಡ್ ಸಂಗೀತ ಪತ್ರಿಕೆ ತನ್ನ ಮಾರಾಟದ ಪಟ್ಟಿಗೆ ಆ ಲೆಕ್ಕವನ್ನು ಅಳವಡಿಸಿಕೊಂಡಿತು. ಅದಕ್ಕೆ ಮುಂಚೆ ಅಂಗಡಿಗಳಿಗೆ ಫೋನ್ ಮಾಡಿ ಯಾವುದು ಹೆಚ್ಚು ಹೋಗುತ್ತಿದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಹೊಸ ಲೆಕ್ಕ ಬಂದ ಮರುತಿಂಗಳೇ ಎನ್.ಡಬ್ಲ್ಯೂ.ಎ. ಎಂಬ ಗ್ಯಾಂಗ್‌ಸ್ಟಾ ರ‍್ಯಾಪ್ ತಂಡದ ಆಲ್ಬಮ್ ಒಂದನೇ ಸ್ಥಾನಕ್ಕೆ ಏರಿತು. ಉಪನಗರಗಳ ಮಾಲ್‌ಗಳಲ್ಲಿ ಯಾರು ಏನು ಕೊಳ್ಳುತ್ತಿದ್ದಾರೆ ಎಂಬುದು ಆಗ ಬಯಲಾಯಿತು.

ಹರೀಶ್ ಎನ್.:
"ಯಾರು" ಕೊಳ್ಳುತ್ತಿದ್ದಾರೆ ಎಂಬುದು ಬಯಲಾಗಲೇ ಇಲ್ಲ, ಮೇಡಂ. ಗಲ್ಲಾದಲ್ಲಿ ಕುಳಿತ ಹುಡುಗ ಸಿ.ಡಿ.ಯ ಬೆನ್ನಿನ ಮೇಲಿದ್ದ ಬಾರ್‌ಕೋಡಿಗೆ ಕೆಂಪು ಬೆಳಕು ತೋರಿಸಿದಾಗ ಯಂತ್ರಕ್ಕೆ ತಿಳಿಯುತ್ತಿದ್ದದ್ದು ಆಲ್ಬಮ್ ಯಾವುದು, ಅಂಗಡಿ ಯಾವುದು ಎಂಬುದು ಮಾತ್ರ. ಹಣ ಕೊಟ್ಟ ಕೈಯ ಬಣ್ಣ ಯಾವುದೆಂದು ಅದು ಬರೆದುಕೊಳ್ಳುತ್ತಿರಲಿಲ್ಲ. ಕಪ್ಪು ಬಡಾವಣೆಗಳ ಪುಟ್ಟ ಅಂಗಡಿಗಳಲ್ಲಿ ಎಷ್ಟೋ ಕಡೆ ಆ ಯಂತ್ರವೇ ಇರಲಿಲ್ಲ. ಬಕಾರಿ ಕಿಟ್ವಾನಾ ಎಂಬ ಕಪ್ಪು ಲೇಖಕರೇ 2005ರಲ್ಲಿ ಈ ಅಂಕಿಯನ್ನು ಪ್ರಶ್ನಿಸಿ ಬರೆದಿದ್ದಾರೆ.

ಗುರುಪಾದ:
ಅಂಕಿಯ ಜಗಳದ ನಡುವೆ ರೇಡಿಯೊವನ್ನು ಮರೆಯಬಾರದು. 1996ರ ದೂರಸಂಪರ್ಕ ಕಾಯ್ದೆಗೆ ಮುಂಚೆ ಒಂದು ಕಂಪನಿ ದೇಶದಾದ್ಯಂತ 40 ರೇಡಿಯೊ ಕೇಂದ್ರಗಳಿಗಿಂತ ಹೆಚ್ಚು ಹೊಂದುವಂತಿರಲಿಲ್ಲ. ಆ ಮಿತಿ ತೆಗೆದ ಮೇಲೆ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ ಸಾವಿರಕ್ಕೂ ಹೆಚ್ಚು ಕೇಂದ್ರಗಳು ಬಂದವು, ಊರೂರಿನ ಕಲಾವಿದರ ಬದಲು ಎಲ್ಲೆಡೆ ಅದೇ ಕೆಲವು ಹಾಡುಗಳು ಸುತ್ತತೊಡಗಿದವು. ನಗರಸಭೆಯ ನಿರ್ಲಕ್ಷ್ಯ, ಶಾಲೆ, ಪೊಲೀಸರು ಇತ್ಯಾದಿಗಳ ಬಗ್ಗೆ ಹಾಡುತ್ತಿದ್ದವರು ಇಲ್ಲವಾಗಲಿಲ್ಲ. ಅವರ ಹಾಡು ಕಿವಿಗೆ ಬೀಳುವ ದಾರಿ ಕಿರಿದಾಯಿತು.

ವೈಶಾಲಿ, ಅಟ್ಲಾಂಟಾ:
ಹರೀಶ್ ಅವರೇ, ಬಾರ್‌ಕೋಡಿಗೆ ಕಣ್ಣಿಲ್ಲ ಎಂಬುದು ನನಗೂ ತಿಳಿದಿದೆ. ಗ್ರಾಹಕರ ಸಮೀಕ್ಷೆಗಳು ಬೇರೆಯೇ ನಡೆಯುತ್ತಿದ್ದವು. ಅದೂ ಬೇಡವೆಂದರೆ ಸಾಮಾನ್ಯ ಬುದ್ಧಿಯನ್ನಾದರೂ ಬಳಸಿ: ಜನಸಂಖ್ಯೆಯ ಎಂಟನೇ ಒಂದು ಭಾಗವಷ್ಟೇ ಇರುವ, ಅದರಲ್ಲೂ ಬಹುಪಾಲು ಬಡವರಿರುವ ಸಮುದಾಯವೊಂದೇ ಒಂದು ಆಲ್ಬಮ್ಮನ್ನು ದೇಶದ ಪಟ್ಟಿಯ ತುದಿಗೆ ಏರಿಸಿ ಕೂರಿಸಲು ಸಾಧ್ಯವೇ?

ಹರೀಶ್ ಎನ್.:
"ಬಹುಪಾಲು ಬಡವರು" ಎಂದಿರಿ. ಕಪ್ಪು ಜನರ ಮೇಲೆ ರ‍್ಯಾಪ್ ಹೊರಿಸಿದ ಚಿತ್ರವನ್ನು ಖಂಡಿಸಲು ಹೊರಟವರ ಬಾಯಲ್ಲೇ ಆ ಚಿತ್ರದ ಒಂದು ತುಣುಕು ಉದುರಿತು. 1990ರಲ್ಲಿ ಬಡತನದ ರೇಖೆಯ ಕೆಳಗಿದ್ದ ಕಪ್ಪು ಅಮೆರಿಕನ್ನರು ಮೂರರಲ್ಲಿ ಒಬ್ಬರಿಗಿಂತ ಕಡಿಮೆ. ನಿಮ್ಮ ಶೇಕಡ 70ನ್ನೇ ಒಪ್ಪೋಣ. ಅದೇ ವರ್ಷದ ಜನಗಣತಿಯಲ್ಲಿ ಬಿಳಿಯರು ಶೇಕಡ 80, ಕಪ್ಪು ಜನರು ಶೇಕಡ 12. ಹಾಗಾದರೆ ಬಿಳಿಯರು ತಮ್ಮ ಪಾಲಿಗಿಂತ ಕಡಿಮೆಯೇ ಕೊಂಡಂತಾಯಿತು. ನಿಮ್ಮ ಅಂಕಿ ನಿಮ್ಮ ವಾದದ ಕಾಲನ್ನೇ ಮುರಿಯುತ್ತದೆ.

ವೈಶಾಲಿ, ಅಟ್ಲಾಂಟಾ:
ಕಂಪನಿಗಳು ತಲಾವಾರು ಪಾಲನ್ನು ಬ್ಯಾಂಕಿಗೆ ಕಟ್ಟುವುದಿಲ್ಲ, ಡಾಲರುಗಳನ್ನು ಕಟ್ಟುತ್ತವೆ. ಹತ್ತು ಡಾಲರಿನಲ್ಲಿ ಏಳು ಯಾರ ಜೇಬಿನಿಂದ ಬರುತ್ತದೋ ಅವರ ಕಲ್ಪನೆಗೆ ತಕ್ಕಂತೆ ಸರಕು ತಯಾರಾಗುತ್ತದೆ. ತುಟಿ ತಪ್ಪಿದ ಒಂದು ಪದವನ್ನು ಹಿಡಿದು ನನಗೆ ಪಾಠ ಹೇಳುವ ಅಗತ್ಯವಿಲ್ಲ, ನಾನು ಈ ಜನರ ನಡುವೆಯೇ ಬದುಕುತ್ತಿದ್ದೇನೆ.

ಸರೋಜಾ:
ಹೆಣ್ಣುಮಕ್ಕಳ ಮಾತನ್ನು ಯಾರೂ ಎತ್ತಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ನಿಮ್ಮ ಅಟ್ಲಾಂಟಾದಲ್ಲಿಯೇ ಇರುವ, ಕಪ್ಪು ಮಹಿಳೆಯರ ಸ್ಪೆಲ್ಮನ್ ಕಾಲೇಜಿನಲ್ಲಿ 2004ರಲ್ಲಿ ವಿದ್ಯಾರ್ಥಿನಿಯರು ನೆಲ್ಲಿ ಎಂಬ ರ‍್ಯಾಪ್ ಗಾಯಕನ ವಿಡಿಯೊ ಒಂದರ ವಿರುದ್ಧ ದನಿ ಎತ್ತಿದ್ದರು. ಆತನ ಸಂಸ್ಥೆ ಅಲ್ಲಿ ಅಸ್ಥಿಮಜ್ಜೆ ದಾನಿಗಳ ನೋಂದಣಿ ಶಿಬಿರ ನಡೆಸುವುದಿತ್ತು, ಆ ವಿವಾದದಲ್ಲಿ ಶಿಬಿರವೇ ರದ್ದಾಯಿತು. ಅವರ ತಕರಾರು ಕೊಂಡವನ ಬಣ್ಣದ ಬಗ್ಗೆ ಇರಲಿಲ್ಲ, ತಮ್ಮ ಮೈಯನ್ನು ತೋರಿಸಿದ ರೀತಿಯ ಬಗ್ಗೆ ಇತ್ತು.

ಶ್ರೀಕಂಠ:
ಸರೋಜಾ ಅವರು ಹೇಳಿದ್ದು ನನ್ನ ವಾದವನ್ನೇ ಗಟ್ಟಿಗೊಳಿಸುತ್ತದೆ. ಮನೆಯೊಳಗಿನವರೇ ಬೇಡ ಎಂದಿದ್ದಾರೆ.

ವೈಶಾಲಿ, ಅಟ್ಲಾಂಟಾ:
ಮನೆಯೊಳಗಿನವರ ಟೀಕೆಯನ್ನು ಹೊರಗಿನವರು ಗುರಾಣಿ ಮಾಡಿಕೊಳ್ಳುತ್ತಾರೆ, ತೊಂದರೆ ಇರುವುದು ಅಲ್ಲಿ. 2007ರ ಏಪ್ರಿಲ್‌ನಲ್ಲಿ ಡಾನ್ ಐಮಸ್ ಎಂಬ ಬಿಳಿಯ ರೇಡಿಯೊ ನಿರೂಪಕ ರಟ್ಗರ್ಸ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಆಟಗಾರ್ತಿಯರನ್ನು ಹೀನಾಯವಾಗಿ ಬೈದು ಕೆಲಸ ಕಳೆದುಕೊಂಡಾಗ, ಆ ಪದಗಳನ್ನು ರ‍್ಯಾಪ್ ಹಾಡುಗಾರರೇ ಬಳಸುತ್ತಾರಲ್ಲ ಎಂಬ ಸಮಜಾಯಿಷಿ ಕೊಟ್ಟ. ಕ್ಯಾರಿ ಫ್ರೀಡ್ ಎಂಬ ಮನೋವಿಜ್ಞಾನಿ 1990ರ ದಶಕದಲ್ಲಿ ಪೊಲೀಸನನ್ನು ಕೊಂದವನ ಕುರಿತ ಹಳೆಯ ಜಾನಪದ ಶೈಲಿಯ ಹಾಡಿನ ಸಾಲುಗಳನ್ನು ಜನರ ಕೈಗಿತ್ತು, ಕೆಲವರಿಗೆ ಇದು ಬಿಳಿಯರ ಹಳ್ಳಿಗಾಡಿನ 'ಕಂಟ್ರಿ' ಶೈಲಿಯ ಹಾಡೆಂದೂ ಕೆಲವರಿಗೆ ರ‍್ಯಾಪ್ ಎಂದೂ ಹೇಳಿದರು. ಅಕ್ಷರ ಒಂದೂ ಬದಲಾಗಿರಲಿಲ್ಲ. ರ‍್ಯಾಪ್ ಎಂದು ಓದಿದವರಿಗೆ ಅದು ಹೆಚ್ಚು ಅಪಾಯಕಾರಿಯಾಗಿ ಕಂಡಿತು. ಈಗಲೂ ನೋಡಿ, 2022ರಲ್ಲಿ ನಮ್ಮ ಫುಲ್ಟನ್ ಕೌಂಟಿಯಲ್ಲಿ ಯಂಗ್ ಥಗ್ ಎಂಬ ರ‍್ಯಾಪ್ ಗಾಯಕನ ಮೇಲಿನ ಆರೋಪಪಟ್ಟಿಯಲ್ಲಿ ಹಾಡಿನ ಸಾಲುಗಳನ್ನೇ ಅಪರಾಧದ ಕುರುಹಾಗಿ ಬರೆದರು.

ಶ್ರೀಕಂಠ:
ಆ ಮೊಕದ್ದಮೆಯ ಕೊನೆಯನ್ನು ಯಾಕೆ ನುಂಗಿಕೊಂಡಿರಿ? 2024ರ ಅಕ್ಟೋಬರ್‌ನಲ್ಲಿ ಆತ ಗ್ಯಾಂಗು, ಮಾದಕವಸ್ತು, ಬಂದೂಕಿನ ಕೆಲವು ಆರೋಪಗಳನ್ನು ತಾನೇ ಒಪ್ಪಿಕೊಂಡ.

ವೈಶಾಲಿ, ಅಟ್ಲಾಂಟಾ:
ಎರಡೂವರೆ ವರ್ಷ ಜೈಲಿನಲ್ಲಿ ಕೊಳೆಸಿದ ಮೇಲೆ ಒಪ್ಪಿಕೊಂಡ, ನ್ಯಾಯಾಧೀಶರು ಅದೇ ದಿನ ಮನೆಗೆ ಕಳಿಸಿದರು. ಹಾಡಿನ ಸಾಲು ನಿಜವಾಗಿತ್ತು ಎಂದು ಅದರಿಂದ ಸಾಬೀತಾಗುವುದಿಲ್ಲ. ಹಾಡನ್ನು ಸಾಕ್ಷಿಯಾಗಿ ಒಪ್ಪುವ ಮೊದಲು ಅದು ವರ್ಣದ ಪೂರ್ವಗ್ರಹವನ್ನು ಕೆರಳಿಸುತ್ತದೆಯೇ ಎಂದು ನ್ಯಾಯಾಲಯ ತೂಗಿ ನೋಡಬೇಕೆಂದು ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಶ್ರೀಕಂಠ:
"ಕಾನೂನನ್ನೇ ಮಾಡಬೇಕಾಯಿತು" ಎಂಬ ನಿಮ್ಮ ಮಾತು ಸಾಕು. ಹಾಡಿದವನನ್ನೂ ಹಾಡನ್ನೂ ಒಂದೇ ಎಂದು ನ್ಯಾಯದರ್ಶಿ ಮಂಡಳಿ (ಜ್ಯೂರಿ) ಭಾವಿಸುತ್ತದೆ ಎಂದಾದರೆ, ನಾವು ಬದುಕಿದ್ದನ್ನೇ ಹಾಡುತ್ತೇವೆ, ಉಳಿದವರದ್ದು ನಕಲಿ ಎಂದು ಮೂವತ್ತು ವರ್ಷ ಜಾಹೀರಾತು ಮಾಡಿ ಮಾರಿದವರು ಯಾರು? ಮಾರುವಾಗ ನಿಜ, ಕಟಕಟೆಯಲ್ಲಿ ನಿಂತಾಗ ಕಲ್ಪನೆ ಎಂದರೆ ಹೇಗೆ?

ಹರೀಶ್ ಎನ್.:
ಸರಿಯಾಗಿ ಕೇಳಿದಿರಿ. ಶೇಕಡ 70ರ ಅಂಕಿ ಎಲ್ಲಿಂದ ಬಂತು, ಆ ಗ್ರಾಹಕರ ಸಮೀಕ್ಷೆ ನಡೆಸಿದವರು ಯಾರು ಎಂಬುದಕ್ಕೂ ಮೇಡಂ ಉತ್ತರ ಕೊಟ್ಟಿಲ್ಲ.

ವೈಶಾಲಿ, ಅಟ್ಲಾಂಟಾ:
ಕೊಡುವುದೂ ಇಲ್ಲ. ಒಂದು ಅಂಕಿಯನ್ನು ಜಗಿಯುತ್ತ ಕೂತವರಿಗೆ ಕೊಲೆಗಳ ಅಂಕಿಯನ್ನೂ ಕೊಟ್ಟಿದ್ದೆ, ಅದನ್ನು ಒಬ್ಬರೂ ಮುಟ್ಟಲಿಲ್ಲ.

ಗುರುಪಾದ:
ಶ್ರೀಕಂಠ ಅವರು ಜಾಹೀರಾತು ಎಂದದ್ದಕ್ಕೆ ಮತ್ತೆ ಕೇಳುತ್ತೇನೆ. ಆ ಜಾಹೀರಾತಿಗೆ ಹಣ ಹಾಕಿದವರು, ಸಾವಿರ ಕೇಂದ್ರಗಳಲ್ಲಿ ಯಾವ ಹಾಡು ದಿನಕ್ಕೆ ಎಷ್ಟು ಸಲ ತಿರುಗಬೇಕೆಂದು ನಿರ್ಧರಿಸಿದವರು ಹಾಡುಗಾರರೋ, ಕಂಪನಿಯ ಕಚೇರಿಯಲ್ಲಿ ಕೂತವರೋ?