ಗೋಖಲೆಯವರ ಬಜೆಟ್ ಭಾಷಣದ ‘ಸರ್‌ಪ್ಲಸ್’: ಉಳಿತಾಯವೇ, ಮಿಗತೆಯೇ, ಶಿಲ್ಕೇ?

ಬಳಗದ ಎಲ್ಲರಿಗೂ ಪುಣೆಯಿಂದ ನಮಸ್ಕಾರ.

ಗೋಪಾಲಕೃಷ್ಣ ಗೋಖಲೆಯವರು 1902ರ ಮಾರ್ಚ್ 26ರಂದು ಕಲ್ಕತ್ತೆಯ ಶಾಸನಸಭೆಯಲ್ಲಿ ಮಾಡಿದ ಮೊದಲ ಬಜೆಟ್ ಭಾಷಣವನ್ನು ಇಲ್ಲಿನ ನಾವು ಕೆಲವು ಕನ್ನಡಿಗರು ಕನ್ನಡಕ್ಕೆ ತರುತ್ತಿದ್ದೇವೆ. ಕೆಲಸ ಮೊದಲ ಪುಟದಲ್ಲೇ ನಿಂತಿದೆ. ‘ಸರ್‌ಪ್ಲಸ್’ (ವರ್ಷದ ಖರ್ಚನ್ನು ಮೀರಿದ ಆದಾಯ) ಎಂಬುದಕ್ಕೆ ಕನ್ನಡದಲ್ಲಿ ಏನು ಬರೆಯಬೇಕು ಎಂಬುದು ಇತ್ಯರ್ಥವಾಗಿಲ್ಲ. ಇಡೀ ಭಾಷಣ ಆ ಒಂದು ಪದದ ಮೇಲೆ ನಿಂತಿರುವುದರಿಂದ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆ ವರ್ಷ ಸರಕಾರದ ಬೊಕ್ಕಸದಲ್ಲಿ ಖರ್ಚೆಲ್ಲ ಕಳೆದು ಏಳು ಕೋಟಿ ರೂಪಾಯಿ ಉಳಿದಿತ್ತು. ಹಣಕಾಸು ಸದಸ್ಯ ಎಡ್ವರ್ಡ್ ಲಾ ಅವರನ್ನು ಸಭೆ ಅಭಿನಂದಿಸಿತು. ಗೋಖಲೆಯವರು ಎದ್ದು, ಈ ಅಭಿನಂದನೆಯಲ್ಲಿ ಪಾಲುಗೊಳ್ಳಲು ತಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದರು. ಜನ ಒಂದರ ಹಿಂದೊಂದು ಬರಗಾಲದಲ್ಲಿ ಬೆಂದಿದ್ದಾರೆ, ಬೊಕ್ಕಸ ಮಾತ್ರ ತುಂಬುತ್ತಲೇ ಇದೆ. ಜನರ ಸ್ಥಿತಿಗೂ ಸರಕಾರದ ಹಣಕಾಸಿನ ಸ್ಥಿತಿಗೂ ಸಂಬಂಧವೇ ಉಳಿದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ ಎಂಬುದು ಅವರ ವಾದ. ಹಣ ಉಳಿದದ್ದು ಹೇಗೆ ಎಂಬುದನ್ನೂ ಅವರು ಬಿಡಿಸಿ ತೋರಿಸಿದರು. ಬೆಳ್ಳಿಯ ಬೆಲೆ ಕುಸಿದು ರೂಪಾಯಿ ಇಳಿಯುತ್ತಿದ್ದ ಕಾಲದಲ್ಲಿ, ಲಂಡನ್ನಿಗೆ ಪೌಂಡಿನಲ್ಲಿ ಕಳಿಸಬೇಕಾದ ಹಣಕ್ಕೆ ಹೆಚ್ಚು ರೂಪಾಯಿ ಬೇಕೆಂದು ತೆರಿಗೆಗಳನ್ನು ಏರಿಸಲಾಗಿತ್ತು. ಮುಂದೆ ರೂಪಾಯಿ ಒಂದು ಶಿಲಿಂಗ್ ನಾಲ್ಕು ಪೆನ್ಸ್‌ಗೆ ಗಟ್ಟಿಯಾಗಿ ನಿಂತಿತು. ತೆರಿಗೆ ಮಾತ್ರ ಇಳಿಯಲಿಲ್ಲ.

ಈಗ ಪದಕ್ಕೆ ಬರುತ್ತೇನೆ. ನಮ್ಮ ಪತ್ರಿಕೆಗಳಲ್ಲಿ ಪುರಸಭೆ, ಗ್ರಾಮ ಪಂಚಾಯಿತಿಗಳ ಸುದ್ದಿ ಬಂದಾಗಲೆಲ್ಲ ‘ಉಳಿತಾಯ ಬಜೆಟ್’ ಎಂದೇ ಇರುತ್ತದೆ. ರೂಢಿಯ ಪದವೆಂದು ನಾವೂ ಮೊದಲ ಕರಡಿನಲ್ಲಿ ‘ಏಳು ಕೋಟಿ ರೂಪಾಯಿಗಳ ಉಳಿತಾಯ’ ಎಂದು ಬರೆದೆವು. ಅದನ್ನು ಓದಿದಾಗ ವಿಜಯಪುರ ಕಡೆಯ ಹಿರಿಯರೊಬ್ಬರು, ‘ಉಳಿತಾಯ ಮಾಡಿದ್ದರೆ ಒಳ್ಳೆಯದೇ ಅಲ್ಲವೇ, ಇವರಿಗೇಕೆ ಸಿಟ್ಟು?’ ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಉಳಿತಾಯ ಎಂದೊಡನೆ ಕನ್ನಡಿಗರ ಕಿವಿಗೆ ಮೆಚ್ಚುಗೆ ಕೇಳಿಸುತ್ತದೆ. ಕೈ ಬಿಗಿಹಿಡಿದು, ದುಂದು ತಪ್ಪಿಸಿ ಕೂಡಿಟ್ಟದ್ದು ಉಳಿತಾಯ. ಗೋಖಲೆಯವರು ಹೇಳುತ್ತಿರುವುದು ಇದಕ್ಕೆ ನೇರ ವಿರುದ್ಧ. ಸರಕಾರ ಇದನ್ನು ಉಳಿಸಿದ್ದಲ್ಲ, ಬೇಕಾದದ್ದಕ್ಕಿಂತ ಹೆಚ್ಚು ಕಿತ್ತುಕೊಂಡದ್ದು. ಅವರು ಕೆಡವಲು ಹೊರಟ ಹೊಗಳಿಕೆಯನ್ನು ನಮ್ಮ ಪದವೇ ಮತ್ತೆ ಎತ್ತಿ ನಿಲ್ಲಿಸುತ್ತದೆ.

ಇಲ್ಲಿ ಮರಾಠಿಯವರಿಗೆ ಈ ತೊಡಕಿಲ್ಲ. ಅವರು ‘ಶಿಲಕೀ ಅರ್ಥಸಂಕಲ್ಪ’ ಎನ್ನುತ್ತಾರೆ. ಶಿಲ್ಲಕ್ ಎಂದರೆ ಲೆಕ್ಕ ಮುಗಿದಾಗ ಪೆಟ್ಟಿಗೆಯಲ್ಲಿ ಉಳಿದದ್ದು, ಅಷ್ಟೇ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ನಮ್ಮಲ್ಲೂ ‘ಶಿಲ್ಕು’ ಇದೆ. ಸಹಕಾರಿ ಸಂಘಗಳ ಜಮಾ-ಖರ್ಚಿನಲ್ಲಿ ಆರಂಭದ ಶಿಲ್ಕು, ಅಖೈರು ಶಿಲ್ಕು, ನಗದು ಶಿಲ್ಕು ಎಂದು ಬರೆಯುವುದನ್ನು ನೀವೆಲ್ಲ ನೋಡಿರುತ್ತೀರಿ. ಆದರೆ ಕನ್ನಡದಲ್ಲಿ ಅದು ಯಾವುದೋ ಒಂದು ದಿನದ ಬಾಕಿ ಹಣವನ್ನು ಹೇಳುತ್ತದೆಯೇ ಹೊರತು ವರ್ಷದ ಆದಾಯ ಖರ್ಚನ್ನು ಮೀರಿದ್ದನ್ನು ಹೇಳುವುದಿಲ್ಲ. ಖರ್ಚೇ ಹೆಚ್ಚಾದ ವರ್ಷದಲ್ಲೂ ಹಳೆಯ ಹಣದಿಂದ ಶಿಲ್ಕು ಇರಬಹುದು. ಹಾಗಾಗಿ ಅದನ್ನು ಒಲ್ಲದ ಮನಸ್ಸಿನಿಂದ ಬಿಟ್ಟೆವು. ‘ಹೆಚ್ಚುವರಿ’ ಎಂದರೆ ಯಾವುದಕ್ಕಿಂತ ಹೆಚ್ಚು ಎಂದು ಪ್ರತಿ ಸಲವೂ ಹೇಳಬೇಕಾಗುತ್ತದೆ.

ನನ್ನ ಒಲವು ‘ಮಿಗತೆ’ಯ ಕಡೆಗೆ. ಅರ್ಥಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಕೊರತೆಗೆ ಜೋಡಿಯಾಗಿ ಮಿಗತೆ ಎಂದೇ ಇದೆ. ಬೇಕಾದಷ್ಟು ಬಳಸಿ ಮಿಕ್ಕದ್ದು ಎಂಬ ಅರ್ಥ ಧಾತುವಿನಲ್ಲೇ ಇರುವುದರಿಂದ, ಬೇಕಾದದ್ದಕ್ಕಿಂತ ಹೆಚ್ಚು ತೆಗೆದುಕೊಂಡಿರಿ ಎಂಬ ಆರೋಪಕ್ಕೆ ಅದು ಜಾಗ ಬಿಡುತ್ತದೆ. ‘ಇಂಥ ಕಷ್ಟಕಾಲದಲ್ಲಿ ಏಳು ಕೋಟಿಯ ಮಿಗತೆ’ ಎಂದರೆ ವಾಕ್ಯ ನಿಲ್ಲುತ್ತದೆ. ಇದು ಪಠ್ಯದ ಭಾಷೆ, ಸಭೆಯಲ್ಲಿ ಎದ್ದು ನಿಂತವನ ಬಾಯಲ್ಲಿ ಒಗ್ಗುವುದಿಲ್ಲ ಎಂದು ಬಳಗದ ಇಬ್ಬರು ಹಟ ಹಿಡಿದಿದ್ದಾರೆ. ಶಾಸನಸಭೆಗಳ ಕುರಿತ 1892ರ ಕಾಯಿದೆಯ ಪ್ರಕಾರ ಗೋಖಲೆಯವರಿಗೆ ಬಜೆಟ್ ಮೇಲೆ ಮಾತನಾಡುವ ಹಕ್ಕಿತ್ತು, ಮತ ಹಾಕುವ ಹಕ್ಕಿರಲಿಲ್ಲ. ಮಾತೊಂದನ್ನೇ ನಂಬಿ ನಿಂತವರ ಮಾತು ಕನ್ನಡದಲ್ಲಿ ಪೇಲವವಾಗಬಾರದು ಎಂಬ ಕಾಳಜಿ ನನಗೂ ಇದೆ. ಮಿಗತೆ ಎಂಬುದನ್ನು ಭಾಷಣಗಳಲ್ಲಿ ಸಹಜವಾಗಿ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ?

ಅದೇ ಪುಟದಲ್ಲಿ ಇನ್ನೊಂದು ಗಂಟು. ಈ ಮಿಗತೆಗಳಿಂದ ಜನರಿಗೆ ಎರಡು ರೀತಿಯಲ್ಲಿ ಅನ್ಯಾಯವಾಗಿದೆ ಎನ್ನುತ್ತಾರೆ ಗೋಖಲೆ: ಮಿಗತೆ ಇರುವುದೇ ಒಂದು ಅನ್ಯಾಯ, ದೇಶ ಸುಭಿಕ್ಷವಾಗಿದೆ ಎಂದು ಲಂಡನ್ನಿನವರು ತಪ್ಪು ತಿಳಿಯಲು ಅದು ಆಸ್ಪದ ಕೊಡುವುದು ಇನ್ನೊಂದು. ‘ಇಮ್ಮಡಿ ಅನ್ಯಾಯ’ ಎಂದರೆ ಒಂದೇ ಅನ್ಯಾಯ ಎರಡು ಪಟ್ಟಾದಂತೆ. ‘ಇಬ್ಬಗೆಯ’ ಎಂದರೆ ಕಪಟದ ವಾಸನೆ ಬರುತ್ತದೆ. ‘ಎರಡು ಬಗೆಯ ಅನ್ಯಾಯ’ ಎಂದಿಟ್ಟಿದ್ದೇವೆ. ಇದಕ್ಕಿಂತ ಬಿಗಿಯಾದದ್ದು ಹೊಳೆದರೆ ತಿಳಿಸಿ.

ಭಾಷಣದಲ್ಲಿ ಬರುವ ಉಪ್ಪಿನ ತೆರಿಗೆಯ ವಿಷಯದಲ್ಲಿ ಸುಂಕವೋ ಕರವೋ ಎಂಬ ಚರ್ಚೆಯನ್ನು ಮುಗಿಸಿದ್ದೇವೆ: ಸರಕಿನ ಮೇಲಿನದು, ಸುಂಕವೇ ಸರಿ. ಉಳಿದಿರುವುದು ಅಳತೆ. 1888ರಲ್ಲಿ ಈ ಸುಂಕವನ್ನು ಮಣಕ್ಕೆ ಎರಡು ರೂಪಾಯಿಯಿಂದ ಎರಡೂವರೆಗೆ ಏರಿಸಿದ್ದರು. ಗೋಖಲೆಯವರು ಇಳಿಸಿ ಎಂದು ಪಟ್ಟು ಹಿಡಿದ ಮೇಲೆ, 1903ರಲ್ಲಿ ಎಂಟಾಣೆ, 1905ರಲ್ಲಿ ಮತ್ತೆ ಎಂಟಾಣೆ ಇಳಿದು 1907ರಲ್ಲಿ ಒಂದು ರೂಪಾಯಿಗೆ ಬಂತು. 1903ರಲ್ಲೇ ಆದಾಯ ತೆರಿಗೆಯ ವಿನಾಯಿತಿ ಮಿತಿಯೂ ವರ್ಷಕ್ಕೆ 500 ರೂಪಾಯಿಯಿಂದ 1,000ಕ್ಕೆ ಏರಿತು. ಉಪ್ಪಿನ ಸುಂಕದ ಈ ಮಣ ನಲವತ್ತು ಸೇರಿನದು, ಸುಮಾರು 37 ಕಿಲೋ. ಮದ್ರಾಸಿನ ಮಣವಾದರೋ 25 ಪೌಂಡು, ಹನ್ನೊಂದು ಕಿಲೋ ಚಿಲ್ಲರೆ. ದಕ್ಷಿಣದ ಓದುಗರು ಬರಿಯ ‘ಮಣ’ವನ್ನು ಚಿಕ್ಕ ಮಣವೆಂದು ಓದಿದರೆ ಸುಂಕ ಮೂರು ಪಟ್ಟಿಗಿಂತ ಹೆಚ್ಚಾಗಿ ಕಾಣುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಈ ಸುಂಕ ಕೊಟ್ಟವರಲ್ಲಿ ಆ ಜಿಲ್ಲೆಗಳ ಕನ್ನಡಿಗರೂ ಇದ್ದರು. ಅಲ್ಲಿನ ಹಿರಿಯರ ಬಾಯಲ್ಲಿ ಈ ದೊಡ್ಡ ಮಣಕ್ಕೆ ಬೇರೆ ಹೆಸರಿತ್ತೇ? ಇದ್ದರೆ ದಯವಿಟ್ಟು ಬರೆಯಿರಿ. ಅಲ್ಲಿಯವರೆಗೆ ಕರಡಿನಲ್ಲಿ ‘ನಲವತ್ತು ಸೇರಿನ ಮಣ’ ಎಂದು ಬಿಡಿಸಿಯೇ ಬರೆದಿರುತ್ತೇವೆ.