ಪುಟ್ಟಿಯ ಮೋರ್ಸ್ ಚಾರ್ಟ್ ನೋಡಿ

ಪುಟ್ಟಿ, ದೊಡ್ಡಪ್ಪ ಮಾತಾಡ್ತಿರೋದು. ಸ್ಕೂಲಿನ ಎಕ್ಸಿಬಿಷನ್‌ಗೆ ಅಂತ ಇಂಗ್ಲಿಷ್ ಪದಗಳನ್ನ ಮೋರ್ಸ್‌ನಲ್ಲಿ, ಅಂದ್ರೆ ಚುಕ್ಕೆ-ಗೀಟಿನ ಸಂಕೇತದಲ್ಲಿ ಬರೆದು ಗ್ರೂಪಿಗೆ ಫೋಟೋ ಹಾಕಿದ್ಯಲ್ಲ, ನೋಡ್ದೆ. ಅಕ್ಷರ ಒಂದೂ ತಪ್ಪಿಲ್ಲ, ತುಂಬಾ ಖುಷಿ ಆಯ್ತು ಕಣೆ. ಆದ್ರೆ ಚುಕ್ಕೆ, ಗೀಟು ಎಲ್ಲಾ ಒಂದಕ್ಕೊಂದು ಅಂಟಿಸಿಬಿಟ್ಟಿದೀಯ, ನಡುವೆ ಜಾಗಾನೇ ಇಲ್ಲ. ಅದೊಂದು ಸರಿ ಮಾಡ್ಬೇಕು.

ಈಗ ನೀನು ಬರೆದಿರೋ 'ಟೀ' ತಗೋ. ಟಿ, ಇ, ಎ. ಟಿ ಅಂದ್ರೆ ಒಂದು ಗೀಟು, ಇ ಒಂದು ಚುಕ್ಕೆ, ಎ ಚುಕ್ಕೆ-ಗೀಟು. ಬಿಡುವು ಕೊಡದೆ ಹೊಡೆದ್ರೆ ಗೀಟು, ಚುಕ್ಕೆ, ಚುಕ್ಕೆ, ಗೀಟು. ಕೇಳೋರಿಗೆ ಅದು ಎಕ್ಸ್! 'ಮಿ' ಅನ್ನೋದೂ ಅಷ್ಟೇ, ಎಂ ಮತ್ತೆ ಇ ಕೂಡಿಕೊಂಡ್ರೆ ಜಿ ಆಗುತ್ತೆ. ಚುಕ್ಕೆ ಹೊಡೆಯೋ ಹೊತ್ತು 1 ಮಾತ್ರೆ ಅಂದ್ಕೊ, ಗೀಟು 3. ಒಂದೇ ಅಕ್ಷರದೊಳಗೆ 1 ಮಾತ್ರೆ ಬಿಡು, ಅಕ್ಷರ ಅಕ್ಷರದ ನಡುವೆ 3, ಪದ ಮುಗಿದ್ಮೇಲೆ 7.

ಇನ್ನೊಂದು, ಚಾರ್ಟ್ ನೋಡಿ ಬಾಯಿಪಾಠ ಮಾಡ್ಬೇಡ, ಕಿವೀಲಿ ಕಲಿ. ಮೃದಂಗದ ಕ್ಲಾಸಲ್ಲಿ ಮೊದ್ಲು ತ ದಿ ತೋಂ ನಂ ಅಂತ ಬಾಯಲ್ಲಿ ಹೇಳಿಸ್ತಾರಲ್ಲ, ಹಂಗೇ ಚುಕ್ಕೆಗೆ ಡಿ, ಗೀಟಿಗೆ ಡಾ. ಎ ಅಂದ್ರೆ ಡಿ-ಡಾ. ನಾವು ಹ್ಯಾಮ್ ರೇಡಿಯೊದವರು, ಅಂದ್ರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡೋರು, 'ಯಾರಾದ್ರೂ ಇದೀರಾ' ಅಂತ ಕರೆಯೋಕೆ ಸಿ ಕ್ಯೂ ಕಳಿಸ್ತೀವಿ: ಡಾ-ಡಿ-ಡಾ-ಡಿ, ಡಾ-ಡಾ-ಡಿ-ಡಾ. ಅಲ್ಲಿ ಯಾರೂ ಚುಕ್ಕೆ ಎಣಿಸ್ತಾ ಕೂರಲ್ಲ, ಕಿವಿಗೆ ಬಿದ್ದ ಕೂಡ್ಲೇ ಅಕ್ಷರ ಗೊತ್ತಾಗ್ಬೇಕು. ಹೊಸದರಲ್ಲಿ ಕಷ್ಟ ಆಗುತ್ತೆ ಅಂತ ಅಕ್ಷರಾನ ಎಳೀಬೇಡ. ಅದನ್ನ ಚುರುಕಾಗೇ ಹೇಳು, ಅಕ್ಷರಗಳ ನಡುವಿನ ಬಿಡುವನ್ನ ಮಾತ್ರ ಉದ್ದ ಮಾಡ್ಕೊ.

ಹಾಂ, ಇ ಗೆ ಯಾಕೆ ಒಂದೇ ಚುಕ್ಕೆ ಅಂತ ಕೇಳಿದ್ದೆ. ಇಂಗ್ಲಿಷಲ್ಲಿ ಎಲ್ಲಕ್ಕಿಂತ ಹೆಚ್ಚು ಬರೋ ಅಕ್ಷರ ಅದು, ಅದಕ್ಕೇ ಚಿಕ್ಕದು. ಆಮೇಲೆ ಟಿ. ಅಪರೂಪಕ್ಕೆ ಬರೋ ಜೆ, ಕ್ಯೂ ನೋಡು, ಎಷ್ಟುದ್ದ! ಪದ ಬೇಗ ಮುಗಿದಷ್ಟೂ ಆಗಿನ ಟೆಲಿಗ್ರಾಫ್ ತಂತೀಲಿ ಇನ್ನಷ್ಟು ಸುದ್ದಿ ಕಳಿಸಬಹುದಿತ್ತು. ಚಾರ್ಟ್ ಮೂಲೇಲಿ 1844ರ ಮೇ 24 ಅಂತ ಬರಿ, ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್ನಿಂದ ಬಾಲ್ಟಿಮೋರ್‌ಗೆ ತಂತಿ ಸಂದೇಶ ಕಳಿಸಿದ ದಿನ. ಆಗಿನ ಕೆಲವು ಅಕ್ಷರ ಈಗಿನದಕ್ಕಿಂತ ಬೇರೆ ಇದ್ವು, ಟೀಚರ್ ಕೇಳಿದ್ರೆ ಹೇಳು.

ರಾತ್ರಿ ನಿನ್ನ ಹೆಸರನ್ನ ಡಿ-ಡಾಲಿ ಹೇಳಿ ವಾಯ್ಸ್ ಹಾಕು, ಎಲ್ಲಿ ಬಿಡುವು ಸಾಲ್ದು ಅಂತ ಹೇಳ್ತೀನಿ. ಎಕ್ಸಿಬಿಷನ್‌ಗೆ ಬರೀ ಚಾರ್ಟ್ ಸಾಲಲ್ಲ, ಬಂದೋರು ಕೇಳಿಸ್ಕೋಬೇಕು. ಒಂದು ಬಜರ್, ಒಂದು ಬ್ಯಾಟರಿ, ಒಂದು ಕಾಲಿಂಗ್ ಬೆಲ್ ಸ್ವಿಚ್ ತರಿಸು. ಭಾನುವಾರ ಅಪ್ಪನ ಜೊತೆ ಬಾ, ಕೂಡಿಸಿ ಕೊಡ್ತೀನಿ.